ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗಾಳಿ-ಮಳೆಗೆ ಮುನ್ನ ಕೇರಿಯ ಸಿದ್ಧತೆ

ಮುಂಗಾರಿಗೆ ಇನ್ನು ಕೆಲವೇ ವಾರ. ಮಳೆಗಾಲದ ಅವಘಡ ಮತ್ತು ಕರೆಂಟ್ ಕಡಿತಕ್ಕೆ ಕೇರಿಯವರು, ಬಡಾವಣೆಯವರು ಒಟ್ಟಾಗಿ ಹೇಗೆ ಸಜ್ಜಾಗಬೇಕು ಎಂದು ಕೇಳಿದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ನಮ್ಮದು 14 ಮನೆಗಳ ಮಜರೆ. ಜುಲೈ-ಆಗಸ್ಟ್‌ನಲ್ಲಿ ಮರ ಬಿದ್ದು ನಾಲ್ಕೈದು ದಿನ ಕರೆಂಟ್ ಇರುವುದಿಲ್ಲ, ಆಮೇಲೆ ಫೋನೂ ಸಾಯುತ್ತದೆ. ಎಲ್ಲರೂ ಸೇರಿ ಮುಂಚೆಯೇ ಏನು ಮಾಡಿಟ್ಟುಕೊಳ್ಳಬಹುದು?
– ಶಿರಸಿ ತಾಲೂಕು

ಮೇ ಮುಗಿಯುವುದರೊಳಗೆ ಒಂದು ಸಂಜೆ ಎಲ್ಲ ಮನೆಯವರೂ ಕೂತು ಒಂದು ಹಾಳೆ ತುಂಬಿಸಿ. ಅದರಲ್ಲಿ ಎಲ್ಲಕ್ಕಿಂತ ಮೇಲೆ ನಿಮ್ಮ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರ್‌ನ, ನಂಬರ್ ಇರಲಿ. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಅದನ್ನು ಬರೆದಿರುತ್ತಾರೆ. ಮಾಸಿದ್ದರೆ ಲೈನ್‌ಮನ್‌ರನ್ನು ಕೇಳಿ. ಜೊತೆಗೆ ಯಾವುದಾದರೊಂದು ಮನೆಯ ಬಿಲ್‌ನಲ್ಲಿರುವ ಆರ್.ಆರ್. ನಂಬರ್, ಫೀಡರ್ (ನಿಮ್ಮ ಕಡೆಗೆ ಕರೆಂಟ್ ತರುವ ಲೈನ್) ಹೆಸರು, ಹೆಸ್ಕಾಂ ಶಾಖಾ ಕಚೇರಿಯ ಫೋನ್. 1912ಕ್ಕೆ ಕರೆ ಮಾಡಿ ‘ನಮ್ಮೂರಲ್ಲಿ ಕರೆಂಟಿಲ್ಲ’ ಎಂದರೆ ಒಂದು ದೂರು ದಾಖಲಾಗುತ್ತದೆ, ಅಷ್ಟೆ. ‘ಇಂಥ ಟಿಸಿ, ಮೋರಿ ದಾಟಿ ಮೂರನೇ ಕಂಬ, ಮತ್ತಿಮರ ಬಿದ್ದು ಎರಡು ತಂತಿ ಕಡಿದಿದೆ, ಕಂಬ ನೆಟ್ಟಗಿದೆ’ ಎಂದರೆ, ಹೊರಡುವಾಗಲೇ ಏಣಿ ಸಾಕೋ, ಗರಗಸ ಬೇಕೋ, ಹೊಸ ಕಂಬ ತರಬೇಕೋ ಎಂಬುದು ಅವರಿಗೆ ಗೊತ್ತಾಗುತ್ತದೆ. ನೋಡಿ ಹೋಗಲು ಒಮ್ಮೆ, ಸಾಮಾನು ತರಲು ಇನ್ನೊಮ್ಮೆ ಬರುವುದು ತಪ್ಪಿದರೆ ನಿಮಗೆ ಒಂದು ದಿನ ಉಳಿಯಿತು. ಹದಿನಾಲ್ಕೂ ಮನೆಯವರು ಕರೆ ಮಾಡುವುದು ಬೇಡ. ಒಬ್ಬರು ಮಾಡಲಿ, ಅವರು ಊರಲ್ಲಿಲ್ಲದಿದ್ದರೆ ಯಾರು ಎಂಬುದನ್ನೂ ಬರೆದಿಡಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತು ಸಹಾಯದ 112 ಇವೂ ಅಲ್ಲೇ ಇರಲಿ.

ಹಾಳೆಯ ಇನ್ನರ್ಧ ಜನರದ್ದು. ಒಬ್ಬರೇ ಇರುವ ವೃದ್ಧರು, ಡಯಾಲಿಸಿಸ್‌ಗೆ ಹೋಗುವವರು, ತಿಂಗಳು ತುಂಬಿದ ಗರ್ಭಿಣಿ, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಅವರನ್ನು ದಿನಕ್ಕೆರಡು ಸಲ ಹೋಗಿ ನೋಡುವವರು ಯಾರು. ಮರ ಕುಯ್ಯುವ ಮಷಿನ್, ಜೀಪು, ಜನರೇಟರ್, ರಾಟೆ ಹಗ್ಗವಿರುವ ಬಾವಿ ಯಾರಲ್ಲಿವೆ. ಮೋಟರ್ ಬಂದ ಮೇಲೆ ಬಾವಿಯ ರಾಟೆ ಬಿಚ್ಚಿಟ್ಟ ಮನೆಗಳೇ ಹೆಚ್ಚು. ಮೂರು ದಿನ ಕರೆಂಟ್ ಇಲ್ಲದಿದ್ದಾಗ ಊರಿಗೆ ನೀರು ಕೊಡುವುದು ರಾಟೆ. ಕನಿಷ್ಠ ಎರಡು ಬಾವಿಗಾದರೂ ರಾಟೆ ಹಾಕಿಸಿ, ಹೊಸ ಹಗ್ಗ ಕಟ್ಟಿಡಿ. ಹಾಳೆಯನ್ನು ನಕಲು ಮಾಡಿ ಪ್ರತಿ ಮನೆಯ ಮೀಟರ್ ಬೋರ್ಡ್ ಬಳಿ ಪ್ಲಾಸ್ಟಿಕ್ ಕವರ್‌ನಲ್ಲಿ ಅಂಟಿಸಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಲದು, ಬೇಕಾದ ದಿನ ಅದು ತೆರೆಯುವುದಿಲ್ಲ.

ಫೋನ್ ಸಾಯುವುದಕ್ಕೆ ಕಾರಣ ಟವರ್. ಅದರ ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಆಮೇಲೆ ಡೀಸೆಲ್ ತಲುಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಮೊದಲ ಎರಡು ಗಂಟೆಯಲ್ಲೇ ಹೇಳಿ ಮುಗಿಸಿ. ಸಿಗ್ನಲ್ ಕ್ಷೀಣವಾದಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು. ಸಿಗ್ನಲ್ ಪೂರ್ತಿ ಹೋದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದ ಟವರನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ಊರಲ್ಲಿ ಹಳೆಯ ತಾಮ್ರದ ತಂತಿಯ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಉಳಿದಿದ್ದರೆ ಕಾಪಾಡಿಕೊಳ್ಳಿ. ಅದಕ್ಕೆ ವಿದ್ಯುತ್ ಬರುವುದು ಎಕ್ಸ್‌ಚೇಂಜ್‌ನಿಂದ. ಫೈಬರ್ ಫೋನಿಗೆ ಮನೆಯಲ್ಲೇ ಕರೆಂಟ್ ಬೇಕು.

ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳಿಗೆ ತಕ್ಕಂತೆ ಕೆಲಸ ಹಂಚಿಕೊಳ್ಳಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅದಕ್ಕೂ ಮೇಲೆ. ಆರೆಂಜ್ ಬಂದ ಕೂಡಲೇ ಟ್ಯಾಂಕ್ ತುಂಬಿಸಿ, ಟಾರ್ಚ್-ಫೋನ್-ಪವರ್‌ಬ್ಯಾಂಕ್ ಚಾರ್ಜ್ ಮಾಡಿ, ಒಂದು ವಾರದ ಮಾತ್ರೆ ತಂದಿಡಿ. ರೆಡ್ ಬಂದರೆ ಹೆರಿಗೆಗೆ ಹತ್ತಿರವಿರುವವರು, ಡಯಾಲಿಸಿಸ್‌ನವರು ರಸ್ತೆ ಚೆನ್ನಾಗಿರುವಾಗಲೇ ಪೇಟೆಯ ನೆಂಟರ ಮನೆಗೆ ಹೋಗಲಿ. ಹಳ್ಳ ಉಕ್ಕಿದ ಮೇಲೆ ಕಂಬಳಿ ಕಟ್ಟಿ ಹೊತ್ತೊಯ್ಯುವ ಪಾಡು ಯಾರಿಗೂ ಬೇಡ.

ಲೈನ್ ಮೇಲೆ ಬಾಗಿದ ಕೊಂಬೆಗಳ ಪಟ್ಟಿಯನ್ನು ಕಂಬದ ಗುರುತಿನೊಂದಿಗೆ ಶಾಖಾ ಕಚೇರಿಗೆ ಈಗಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಲೈನ್ ಸತ್ತಿದೆ ಎಂದು ಹೇಳುವವರೆಗೆ ಊರವರು ಒಂದು ರೆಂಬೆಯನ್ನೂ ಮುಟ್ಟಬಾರದು.

ಕರೆಂಟ್ ಹೋದಾಗ ಜನರೇಟರ್‌ನಿಂದ ಎರಡೂ ತುದಿಗೆ ಪ್ಲಗ್ ಇರುವ ವಯರನ್ನು ಮನೆಯ ಸಾಕೆಟ್‌ಗೆ ಚುಚ್ಚುತ್ತೇವೆ. ಇಡೀ ಮನೆಗೆ ಕರೆಂಟ್ ಬರುತ್ತದೆ. ಮೇನ್ ಆಫ್ ಮಾಡಿಯೇ ಮಾಡುತ್ತೇವೆ. ತಪ್ಪೇನಾದರೂ ಇದೆಯೇ?
– ತೀರ್ಥಹಳ್ಳಿ

ದಯವಿಟ್ಟು ಇಂದೇ ನಿಲ್ಲಿಸಿ, ಆ ವಯರನ್ನು ಕತ್ತರಿಸಿ ಎಸೆಯಿರಿ. ಈ ತಿಂಗಳ ಪತ್ರಗಳಲ್ಲೆಲ್ಲ ನಮ್ಮನ್ನು ಹೆಚ್ಚು ಕಾಡಿದ್ದು ಇದು. ನೀವು ಮೇನ್ ಆಫ್ ಮಾಡುತ್ತೀರಿ, ಒಪ್ಪೋಣ. ಕತ್ತಲಲ್ಲಿ, ಮಳೆಯಲ್ಲಿ, ನೀವು ಊರಲ್ಲಿಲ್ಲದ ದಿನ ಮನೆಯ ಹುಡುಗ ಮರೆಯುತ್ತಾನೆ. ಆಗ ಜನರೇಟರ್‌ನ 230 ವೋಲ್ಟ್ ಸರ್ವಿಸ್ ವಯರ್ ಮೂಲಕ ಕಂಬಕ್ಕೆ, ಅಲ್ಲಿಂದ ಟಿಸಿಗೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸುವ ಅದೇ ಟಿಸಿ, ಹಿಂದಿನಿಂದ ಬಂದ 230 ವೋಲ್ಟನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಕಡಿದ ತಂತಿ ಕಟ್ಟಲು ಹತ್ತಿದ ಲೈನ್‌ಮನ್‌ಗೆ ಆ ಲೈನ್ ಆಫ್ ಆಗಿದೆ ಎಂದೇ ಲೆಕ್ಕ. ‘ಇಷ್ಟು ಚಿಕ್ಕ ಜನರೇಟರ್ ಊರಿನ ಲೋಡ್ ತಡೆಯದೆ ತಾನೇ ನಿಲ್ಲುತ್ತದೆ’ ಎನ್ನುವವರಿದ್ದಾರೆ. ಊರಿನ ಲೋಡ್ ಎಲ್ಲ ಕಡಿದ ತಂತಿಯ ಆಚೆಗೆ ಉಳಿದಿದ್ದರೆ ಅದು ನಿಲ್ಲುವುದಿಲ್ಲ. ಇನ್ನೊಂದು ಅಪಾಯ ಮನೆಯೊಳಗೇ ಇದೆ: ಸಾಕೆಟ್‌ನಿಂದ ಕಳಚಿದ ಪ್ಲಗ್‌ನ ಬರಿಯ ಪಿನ್‌ಗಳಲ್ಲಿ 230 ವೋಲ್ಟ್ ಇರುತ್ತದೆ, ಅದು ಮಗುವಿನ ಕೈಗೂ ಸಿಗಬಹುದು.

ಸರಿಯಾದ ದಾರಿ ಚೇಂಜ್‌ಓವರ್ ಸ್ವಿಚ್. ಸಿಂಗಲ್ ಫೇಸ್ ಮನೆಗೆ 32 ಆಂಪಿಯರ್‌ನ, ಎರಡು ಪೋಲ್‌ನದು ಸಾಮಾನ್ಯವಾಗಿ ಸಾಕು. ಎರಡು ಪೋಲ್ ಯಾಕೆಂದರೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಕಂಬದಿಂದ ಬೇರ್ಪಡಬೇಕು. ಹಿಡಿ ಒಂದು ಕಡೆ ಇದ್ದರೆ ಮೆಸ್ಕಾಂ, ಇನ್ನೊಂದು ಕಡೆ ಇದ್ದರೆ ಜನರೇಟರ್. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಹಾಕಿಕೊಡುತ್ತಾರೆ. ಅಲ್ಲಿಯವರೆಗೆ ಜನರೇಟರ್‌ನಿಂದ ನೇರ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಫ್ರಿಜ್, ದೀಪ ಅದಕ್ಕೇ ಹಾಕಿ.

ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಾಗಿಲು-ಕಿಟಕಿಗೆ ಹೊಗೆ ಬಾರದ ದಿಕ್ಕಿಗಿರಲಿ. ಮಳೆಯೆಂದು ಜಗಲಿಗೋ ಕೊಟ್ಟಿಗೆಗೋ ತಂದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು, ವಾಕರಿಕೆ, ಮಂಪರು ಬಂದು ಮಲಗಿದವರು ಏಳುವುದಿಲ್ಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇಡುವ ಕೆಂಡದ ಅಗ್ಗಿಷ್ಟಿಕೆಯೂ ಇದೇ ಅನಿಲ ಬಿಡುತ್ತದೆ. ಜನರೇಟರ್‌ಗೆಂದೇ ಹೊರಗೆ ಮೇಲೆ ಮಾಡಿರುವ, ನಾಲ್ಕೂ ಕಡೆ ತೆರೆದ ಗೂಡು ಕಟ್ಟಿಸಿ.

ಕೊಳ್ಳುವವರಿಗೆ ಒಂದು ಮಾತು: 1 ಎಚ್‌ಪಿ ಮೋಟರ್ ಓಡುವಾಗ ಸಾವಿರ ವ್ಯಾಟ್ ಆಸುಪಾಸು ಎಳೆದರೂ ಸ್ಟಾರ್ಟ್ ಆಗುವ ಕ್ಷಣ ಮೂರು ಪಟ್ಟಿಗೂ ಹೆಚ್ಚು ಕೇಳುತ್ತದೆ. 2 ಕೆವಿಎ ಜನರೇಟರ್ ಫ್ರಿಜ್, ದೀಪ, ಮಿಕ್ಸಿಗೆ ಸಾಕು, ಬಾವಿ ಮೋಟರ್‌ಗೆ ಸಾಲದು. ತಿಂಗಳಿಗೊಮ್ಮೆ ಲೋಡ್ ಹಾಕಿ ಹತ್ತು-ಹದಿನೈದು ನಿಮಿಷ ಓಡಿಸಿ, ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ ತಾನೇ ನಿಲ್ಲಲು ಬಿಡಿ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರಿ ಕಾರ್ಬ್ಯುರೇಟರ್‌ನಲ್ಲಿ ಕೂತರೆ ಬೇಕಾದ ರಾತ್ರಿ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ.

ಗಾಳಿ ಬಂದು ನಿಂತ ಮೇಲೆ ನಮ್ಮ ಬೀದಿಯಲ್ಲಿ ಕೆಲವು ಮನೆಯ ಬಲ್ಬ್ ಮಂಕಾಗಿ, ಕೆಲವು ಮನೆಯದು ಝಗ್ಗೆಂದು ಉರಿದು, ಐದಾರು ಟಿವಿ ಸುಟ್ಟವು. ಸಿಡಿಲೇನೂ ಬಡಿದಿರಲಿಲ್ಲ. ಹೇಗಾಯಿತು?
– ಹಾವೇರಿ

ನ್ಯೂಟ್ರಲ್ ಹೋಗಿತ್ತು. ಮೂರು ಫೇಸ್‌ನಿಂದ ಬೇರೆ ಬೇರೆ ಮನೆಗೆ ಹೋದ ಕರೆಂಟ್ ಹಿಂತಿರುಗುವುದು ಒಂದೇ ನ್ಯೂಟ್ರಲ್ ತಂತಿಯಲ್ಲಿ. ಗಾಳಿಗೆ ಅದು ಕಡಿದರೆ ಅಥವಾ ಟಿಸಿಯ ಬಳಿ ಜಾಯಿಂಟ್ ಸಡಿಲವಾದರೆ, ಒಂದು ಫೇಸ್‌ನ ಮನೆ ಇನ್ನೊಂದು ಫೇಸ್‌ನ ಮನೆಯೊಂದಿಗೆ ಸರಣಿಯಲ್ಲಿ ಸೇರಿದಂತಾಗುತ್ತದೆ. ಎರಡು ಫೇಸ್ ನಡುವೆ ಇರುವುದು 400 ವೋಲ್ಟ್. ಹೆಚ್ಚು ಲೋಡ್ ಇರುವ ಫೇಸ್‌ಗೆ ಕಡಿಮೆ, ಕಡಿಮೆ ಲೋಡ್ ಇರುವ ಫೇಸ್‌ಗೆ ಹೆಚ್ಚು ಪಾಲು ಬೀಳುತ್ತದೆ. ಬರೀ ಒಂದು ಟಿವಿ ಹಾಕಿ ಕೂತ ಮನೆಗೆ 300ಕ್ಕೂ ಮಿಕ್ಕಿ ವೋಲ್ಟ್ ಬರುವುದು ಹೀಗೆ.

ಬಲ್ಬ್ ಮಿತಿ ಮೀರಿ ಉರಿದರೆ, ಫ್ಯಾನ್ ಏಕಾಏಕಿ ವೇಗ ಪಡೆದರೆ ಮರುಮಾತಿಲ್ಲದೆ ಮೇನ್ ಆಫ್ ಮಾಡಿ, ಅಕ್ಕಪಕ್ಕದವರಿಗೆ ಕೂಗಿ ಹೇಳಿ. ಒಂದು ಮನೆ ಲೋಡ್ ತೆಗೆದರೆ ಅದೇ ಫೇಸ್‌ನ ಉಳಿದ ಮನೆಗಳ ವೋಲ್ಟೇಜ್ ಇನ್ನೂ ಏರುತ್ತದೆ, ಆದ್ದರಿಂದ ಬೀದಿಗೆ ಬೀದಿಯೇ ಆಫ್ ಮಾಡಬೇಕು. 1912ಕ್ಕೆ ಹೇಳುವಾಗ ‘ಕರೆಂಟ್ ಸರಿಯಿಲ್ಲ’ ಎನ್ನದೆ ‘ನ್ಯೂಟ್ರಲ್ ಫೇಲ್’ ಎನ್ನಿ.

ಯಾವುದೇ ದೀರ್ಘ ಕಡಿತದ ನಂತರವೂ ಒಂದು ಅಭ್ಯಾಸವಿರಲಿ. ಕರೆಂಟ್ ಹೋದಾಗ ಫ್ರಿಜ್, ಟಿವಿ, ಪಂಪ್ ಪ್ಲಗ್ ತೆಗೆದು ಒಂದು ಬಲ್ಬ್ ಮಾತ್ರ ಆನ್ ಇಡಿ. ಕರೆಂಟ್ ಬಂದು ಐದು ನಿಮಿಷ ಆ ಬಲ್ಬ್ ಸ್ಥಿರವಾಗಿ ಉರಿದ ಮೇಲೆ ಒಂದೊಂದಾಗಿ ಹಾಕಿ. ಇಡೀ ಊರಿನ ಮೋಟರ್, ಫ್ರಿಜ್ ಒಂದೇ ಕ್ಷಣ ಎಳೆದರೆ ಆಗಷ್ಟೇ ಕಟ್ಟಿದ ಫ್ಯೂಸ್ ಮತ್ತೆ ಹೋಗುತ್ತದೆ.

ನಮ್ಮ ಯುಪಿಎಸ್‌ಗೆ 150 ಎಎಚ್ ಬ್ಯಾಟರಿ ಇದೆ. ಅಂಗಡಿಯವರು ರಾತ್ರಿಯೆಲ್ಲ ಬರುತ್ತದೆ ಎಂದಿದ್ದರು, ಐದು ಗಂಟೆಗೆ ನಿಲ್ಲುತ್ತದೆ. ಪಕ್ಕದ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವ ಹಿರಿಯರಿದ್ದಾರೆ, ನಮ್ಮಿಂದ ವಯರ್ ಎಳೆಯಬಹುದೇ?
– ಉಡುಪಿ

150 ಎಎಚ್, 12 ವೋಲ್ಟ್ ಗುಣಿಸಿದರೆ 1800 ವ್ಯಾಟ್-ಅವರ್. ಬ್ಯಾಟರಿಯನ್ನು ತಳ ಮುಟ್ಟಿಸಬಾರದು, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು ಶೇ 60, ಅಂದರೆ 1080 ಎಂದಿಟ್ಟುಕೊಳ್ಳಿ. ಹಳೆಯ ಫ್ಯಾನ್ ಎರಡಕ್ಕೆ 150 ವ್ಯಾಟ್, ನಾಲ್ಕು ಎಲ್‌ಇಡಿಗೆ 36, ವೈಫೈಗೆ 12: ಒಟ್ಟು 198. ಐದೂವರೆ ಗಂಟೆ ಬರುತ್ತದೆ, ನಿಮಗೆ ಆಗುತ್ತಿರುವುದು ಅದೇ. ಫ್ಯಾನ್‌ಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿಗೆ ಬದಲಿಸಿದರೆ ಒಟ್ಟು 108 ವ್ಯಾಟ್, ಅದೇ ಬ್ಯಾಟರಿ ಹತ್ತು ಗಂಟೆ. ಎರಡನೇ ಬ್ಯಾಟರಿ ಕೊಳ್ಳುವುದಕ್ಕಿಂತ ಇದು ಒಳ್ಳೆಯ ಖರ್ಚು. ಡಿಸ್ಟಿಲ್ಡ್ ನೀರಿನ ಮಟ್ಟ ಎರಡು ತಿಂಗಳಿಗೊಮ್ಮೆ ನೋಡಿ. ಬೋರ್‌ವೆಲ್ ನೀರು ಹಾಕಿದರೆ ಪ್ಲೇಟ್ ಹಾಳಾಗುತ್ತದೆ.

5 ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಲೆಕ್ಕದಲ್ಲಿ ಮೂರು ಗಂಟೆ ಬಂದರೂ, ಅಷ್ಟು ರಭಸವಾಗಿ ಎಳೆದಾಗ ಬ್ಯಾಟರಿ ತನ್ನ ಮೇಲೆ ಬರೆದ ಸಾಮರ್ಥ್ಯ ಕೊಡುವುದಿಲ್ಲ, ಎರಡು ಗಂಟೆ ಎಂದೇ ತಿಳಿಯಿರಿ. ನಿಮ್ಮ ಯುಪಿಎಸ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವ) ಮಾದರಿಯದಾಗಿರಬೇಕು. ಇದು ಆಸ್ಪತ್ರೆಗೆ ಸಾಗಿಸಲು ಸಿಗುವ ಸಮಯ, ಅಷ್ಟೇ. ಆ ಮನೆಯಲ್ಲಿ ತುಂಬಿದ ಬಿ-ಟೈಪ್ ಸಿಲಿಂಡರ್, ರೆಗ್ಯುಲೇಟರ್ ಜೋಡಿಸಿಯೇ ಇರಬೇಕು. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್‌ನಂತೆ ಹನ್ನೆರಡು ಗಂಟೆ. ಸ್ಪ್ಯಾನರ್ ಎಲ್ಲಿದೆ, ವಾಲ್ವ್ ಯಾವ ಕಡೆ ತಿರುಗಿಸಬೇಕು ಎಂಬುದು ಮನೆಯ ಇಬ್ಬರಿಗೆ, ಪಕ್ಕದ ಮನೆಯ ಒಬ್ಬರಿಗೆ ಗೊತ್ತಿರಲಿ. ಆ ಕೋಣೆಯಲ್ಲಿ ಮೇಣದಬತ್ತಿ, ಊದುಬತ್ತಿ ಬೇಡವೇ ಬೇಡ.

ಮೇ ತಿಂಗಳ ಬಿರುಗಾಳಿಗೆ ದಿನವಿಡೀ ಕರೆಂಟ್ ಇರಲಿಲ್ಲ. ಫ್ರಿಜ್‌ನಲ್ಲಿದ್ದ ಇನ್ಸುಲಿನ್ ಎಸೆಯಬೇಕೇ?
– ಕಲಬುರಗಿ

ಒಂದು ದಿನಕ್ಕೆ ಬೇಡ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ 28 ದಿನ ಕೆಡುವುದಿಲ್ಲ; ನಿಮ್ಮದರ ಅವಧಿ ಪೆಟ್ಟಿಗೆಯೊಳಗಿನ ಚೀಟಿಯಲ್ಲಿದೆ. ನಿಮ್ಮೂರಿನ 40 ಡಿಗ್ರಿಯೇ ಸಮಸ್ಯೆ. ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆ ಕೂರಿಸಿ, ನೀರು ಹೋಗದ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ಒಣ ಹವೆಯ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ತೇವದಲ್ಲಿ ಅಷ್ಟಿಲ್ಲ. ಐಸ್ ಮೇಲೆ ನೇರವಾಗಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಿದ್ದರೂ ಕೆಟ್ಟಿರುತ್ತದೆ, ಅದನ್ನು ಎಸೆಯಲೇಬೇಕು.

ನಮ್ಮ ಅಪಾರ್ಟ್‌ಮೆಂಟ್‌ನ ಪ್ಯಾನಲ್, ಪಂಪ್, ಜನರೇಟರ್ ಎಲ್ಲ ಬೇಸ್‌ಮೆಂಟ್‌ನಲ್ಲಿವೆ. ನೀರು ನುಗ್ಗಿದರೆ?
– ಬೆಂಗಳೂರು, ಸರ್ಜಾಪುರ ರಸ್ತೆ

2022ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಭಾಗ ಕಂಡದ್ದು ಅದೇ. ಅದೇ ವಾರ ಟಿ.ಕೆ. ಹಳ್ಳಿಯ ಪಂಪಿಂಗ್ ಸ್ಟೇಷನ್‌ಗೂ ನೀರು ನುಗ್ಗಿ ಕಾವೇರಿ ಪೂರೈಕೆ ನಿಂತಿತ್ತು. ಸುತ್ತ ನೀರು, ಕುಡಿಯಲು ಇಲ್ಲ. ಆದ್ದರಿಂದ ಪ್ರತಿ ಫ್ಲ್ಯಾಟ್‌ನಲ್ಲೂ ಒಬ್ಬರಿಗೆ ದಿನಕ್ಕೆ 3 ಲೀಟರ್‌ನಂತೆ ಮೂರು ದಿನದ ಕುಡಿಯುವ ನೀರು ಇರಲೇಬೇಕು.

ಪ್ಯಾನಲ್‌ನ ತಳದಿಂದ ಒಂದು ಅಡಿ ಕೆಳಗೆ ಗೋಡೆಗೆ ಕೆಂಪು ಗೆರೆ ಎಳೆಯಿರಿ. ನೀರು ಗೆರೆ ಮುಟ್ಟುವ ಮುಂಚೆ ಲಿಫ್ಟ್‌ಗಳನ್ನು ಮೇಲಿನ ಮಹಡಿಗೆ ಒಯ್ದು ನಿಲ್ಲಿಸಿ, ಮೇನ್ ಬ್ರೇಕರ್ ಇಳಿಸಿ, ಬೆಸ್ಕಾಂಗೆ ಹೇಳಿ ಹೊರಗಿನಿಂದಲೂ ಸರಬರಾಜು ನಿಲ್ಲಿಸಬೇಕು. ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಈ ಅಧಿಕಾರ ಲಿಖಿತವಾಗಿರಲಿ. ಅಧ್ಯಕ್ಷರಿಗೆ ಫೋನ್ ಮಾಡಿ ಕಾಯುವಷ್ಟು ಹೊತ್ತು ನೀರು ಕೊಡುವುದಿಲ್ಲ. ನೀರು ಗೆರೆ ದಾಟಿದ ಮೇಲೆ ಕಾರು ತರಲು ಕೂಡ ಯಾರೂ ಇಳಿಯಕೂಡದು.

ಪಂಪ್‌ನ ಅಂದಾಜು ಮೊದಲೇ ಮಾಡಿ. 30 ಮೀಟರ್ ಉದ್ದ, 20 ಮೀಟರ್ ಅಗಲದ ಬೇಸ್‌ಮೆಂಟ್‌ನಲ್ಲಿ 30 ಸೆಂ.ಮೀ. ನಿಂತರೆ 1,80,000 ಲೀಟರ್. ನಿಮಿಷಕ್ಕೆ 300 ಲೀಟರ್ ಎತ್ತುವ ಪಂಪ್‌ಗೆ ಹತ್ತು ಗಂಟೆಯ ಕೆಲಸ, ಅದೂ ಮಳೆ ನಿಂತಿದ್ದರೆ. ಬಾಗಿಲಲ್ಲೇ ತಡೆಯುವುದು ಅಗ್ಗ: ರ‍್ಯಾಂಪ್‌ನ ತಲೆಯಲ್ಲಿ ಒಂದು ಉಬ್ಬು, ಅದರಾಚೆ ಜಾಲರಿ ಮುಚ್ಚಿದ ಚರಂಡಿ, ಮುಕ್ಕಾಲು ಭಾಗ ತುಂಬಿದ ಮರಳಿನ ಚೀಲಗಳು. ಪೂರ್ತಿ ತುಂಬಿದ ಚೀಲ ಒಂದಕ್ಕೊಂದು ಒತ್ತಿ ಕೂರದೆ ಸಂದು ಬಿಡುತ್ತದೆ. ಪ್ಯಾನಲನ್ನು ನೆಲಮಹಡಿಗೆ ಎತ್ತುವ ಖರ್ಚನ್ನು ಮುಂದಿನ ಸಭೆಯಲ್ಲೇ ಚರ್ಚೆಗಿಡಿ.

ಪ್ರವಾಹ ಇಳಿದ ಮೇಲೆ ಬಾವಿ ನೀರು ಕೆಂಪಗಾಗುತ್ತದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
– ಚಿಕ್ಕೋಡಿ

ಮೊದಲು ಕೆಸರು ಹೊರಗೆ ಹೋಗಬೇಕು. ಕದಡಿದ ನೀರಿನಲ್ಲಿ ಕ್ಲೋರಿನ್ ಕೊಳೆಯ ಜೊತೆಗೇ ಸವೆದುಹೋಗುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ. ಮುಳುಗಿದ್ದ ಮೋಟರನ್ನು ಒಣಗಿಸಿ ಪರೀಕ್ಷಿಸದೆ ಹಾಕಬೇಡಿ, ಡೀಸೆಲ್ ಪಂಪ್ ತರಿಸಿ ಹೊರಗಿಟ್ಟೇ ಓಡಿಸಿ. ನೀರು ತಿಳಿಯಾದ ಮೇಲೆ ಲೆಕ್ಕ ಹಾಕಿ: ಬಾವಿಯ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, 3.14ರಿಂದ, ಆಮೇಲೆ ನೀರಿನ ಆಳದಿಂದ ಗುಣಿಸಿ. 2 ಮೀಟರ್ ಅಗಲ, 5 ಮೀಟರ್ ನೀರಿದ್ದರೆ 15.7 ಘನ ಮೀಟರ್, ಅಂದರೆ 15,700 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಸಾಮಾನ್ಯ ದಿನಗಳ ಪ್ರಮಾಣ. ಪ್ರವಾಹದ ನಂತರ ಇಮ್ಮಡಿ, ಇಷ್ಟು ನೀರಿರುವ ಬಾವಿಗೆ ಸುಮಾರು 80 ಗ್ರಾಂ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಬಿಟ್ಟು, ನೀರಿನ ಕ್ಲೋರಿನನ್ನು ಬಣ್ಣದಿಂದ ತೋರಿಸುವ ಕ್ಲೋರೋಸ್ಕೋಪ್‌ನಲ್ಲಿ ನೋಡಿದಾಗ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಉಪಕರಣ ಆರೋಗ್ಯ ಕಾರ್ಯಕರ್ತರ ಬಳಿ ಕೇಳಿ. ಬಣ್ಣವೇ ಬಾರದಿದ್ದರೆ ಮತ್ತೆ ಹಾಕಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ. ಇಷ್ಟು ಮಾಡಿಯೂ ಕೆಲವು ವಾರ ಕುದಿಸಿಯೇ ಕುಡಿಯಿರಿ.

ಮನೆಯ ಹಿಂದೆ ಬರೆ (ಗುಡ್ಡದ ಕಡಿದಾದ ಬದಿ) ಕಡಿದು ಅಂಗಳ ಮಾಡಿದ್ದೇವೆ. ಯಾವಾಗ ಮನೆ ಬಿಡಬೇಕು ಎಂದು ತಿಳಿಯುವುದು ಹೇಗೆ?
– ಮಡಿಕೇರಿ ತಾಲೂಕು

2018ರ ಆಗಸ್ಟ್ ತಿಂಗಳ ಕೊಡಗಿನ ಭೂಕುಸಿತ ನೋಡಿದವರಿಗೆ ಈ ಪ್ರಶ್ನೆಯ ಭಾರ ಗೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದದ್ದೂ ರಸ್ತೆಗಾಗಿ ಕಡಿದ ಗುಡ್ಡದ ಬದಿಯೇ. ಬರೆಯ ನೆತ್ತಿಯಲ್ಲಿ ಹೊಸ ಬಿರುಕು, ಮರ ಅಥವಾ ಬೇಲಿಗೂಟ ವಾಲುವುದು, ಬುಡದಲ್ಲಿ ಹೊಸ ಒರತೆ, ತಿಳಿಯಾಗಿದ್ದ ಒರತೆ ಕೆಸರಾಗುವುದು, ಬಾಗಿಲು-ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಬಿಡಿ. ಮಳೆ ಸುರಿಯುತ್ತಿದ್ದರೂ ತೋಡಿನ (ಹಳ್ಳದ) ನೀರು ಏಕಾಏಕಿ ಇಳಿದರೆ ಮೇಲೆಲ್ಲೋ ಮಣ್ಣು ಕಟ್ಟಿದೆ ಎಂದರ್ಥ. ಸಾಮಾನು ಕಟ್ಟದೆ ತೋಡಿನ ದಾರಿಯಿಂದ ಅಡ್ಡಕ್ಕೆ, ಎತ್ತರಕ್ಕೆ ಓಡಿ.

ಈಗ ಮಾಡಬಹುದಾದ್ದು ನೀರು ತಿರುಗಿಸುವ ಕೆಲಸ. ಬರೆಯ ನೆತ್ತಿಯಿಂದ ಹಿಂದೆ ಸರಿದು ಚರಂಡಿ ತೋಡಿ, ನೀರನ್ನು ಪಕ್ಕಕ್ಕೆ ಕೊಂಡೊಯ್ಯಿರಿ. ಹಳೆಯ ಬಿರುಕಿಗೆ ಜೇಡಿ ತುಂಬಿ ಟಾರ್ಪಾಲು ಹೊದಿಸಿ. ಇಂಗುಗುಂಡಿ, ಟ್ಯಾಂಕಿನ ತುಂಬಿ ಹರಿಯುವ ಪೈಪು, ಬಚ್ಚಲು ನೀರು ಬರೆಯ ಮೇಲ್ಭಾಗದಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆ ಕಡೆಯ ಕೋಣೆಯಲ್ಲಿ ಯಾರೂ ಮಲಗಬಾರದು.

ಕೊಯ್ಲಿಗೆ ಹೊಸದಾಗಿ ಹಗುರದ ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ. ಅದು ಲೋಹವಲ್ಲ, ಲೈನ್ ಮೇಲೆ ಬಿದ್ದ ಅಡಿಕೆ ಸೋಗೆ ಅದರಿಂದ ತೆಗೆಯಬಹುದಲ್ಲವೇ?
– ಪುತ್ತೂರು

ಖಂಡಿತ ಕೂಡದು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ದೋಟಿಯಂತೆಯೇ ಇದೂ ಕೊಲ್ಲುತ್ತದೆ. ಒದ್ದೆಯಾದ ಬಿದಿರೂ ಹಾಗೆಯೇ. ತೋಟದಲ್ಲಿ ಲೈನ್ ಹಾದುಹೋಗುವ ಕಡೆ, ದೋಟಿ ಪೂರ್ತಿ ಎತ್ತಿ ವಾಲಿಸಿದರೂ ತಂತಿಗೆ ತಾಗದಷ್ಟು ದೂರದ ಮರಗಳಿಗೆ ಬಣ್ಣದ ಪಟ್ಟಿ ಬಳಿದು ಗಡಿ ಗುರುತು ಮಾಡಿ, ಕೊಯ್ಲಿನವರಿಗೆ ತೋರಿಸಿ. ಗಡಿಯೊಳಗಿನ, ಅಂದರೆ ಲೈನ್ ಕಡೆಯ, ಮರಗಳ ಕೊಯ್ಲು ಎಲ್‌ಸಿ ಪಡೆದ ದಿನ ಮಾತ್ರ.

ತಂತಿ ನೆಲಕ್ಕೆ ಬಿದ್ದಿದ್ದರೆ 10 ಮೀಟರ್ ದೂರ ನಿಲ್ಲಿ, ದನಗಳನ್ನೂ ತಡೆಯಿರಿ. ಒಮ್ಮೆ ಆಫ್ ಆದ ಲೈನ್ ತಾನಾಗಿಯೇ ಮತ್ತೆ ಆನ್ ಆಗಬಹುದು, ಕಿಡಿ ಕಾಣದಿದ್ದರೆ ಸತ್ತಿದೆ ಎಂದಲ್ಲ. ಹತ್ತಿರ ಬಂದುಬಿಟ್ಟಿದ್ದರೆ ಹೆಜ್ಜೆ ಎತ್ತಬೇಡಿ. ಎರಡು ಪಾದದ ನಡುವೆ ಅಂತರ ಹೆಚ್ಚಿದಷ್ಟೂ ನೆಲದಿಂದ ಮೈಗೆ ಹತ್ತುವ ವೋಲ್ಟೇಜ್ ಹೆಚ್ಚು. ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತಾ, ಅರ್ಧ ಪಾದದಷ್ಟೇ ಸರಿಯುತ್ತಾ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಜೀಪಿನ ಮೇಲೆ ತಂತಿ ಬಿದ್ದರೆ ಒಳಗೇ ಕೂತು 1912ಕ್ಕೆ, 112ಕ್ಕೆ ಕರೆ ಮಾಡಿ. ಬೆಂಕಿ ಹತ್ತಿದರೆ ಮಾತ್ರ ಎರಡೂ ಕಾಲು ಜೋಡಿಸಿ, ಗಾಡಿಯನ್ನು ಮುಟ್ಟದಂತೆ ಹೊರಕ್ಕೆ ಹಾರಿ.